ಚಂದಾ ಕಟ್ಟಿದರೂ ಮೂಕವಾದ ಹಾಡಿನ ಡಬ್ಬಿ

ಪ್ರತಿಯೊಂದು ಮನೆಗೂ ತನ್ನದೇ ಆದ ಒಂದು ಧ್ವನಿಯಿರುತ್ತದೆ. ಬೀಸುವ ಕಲ್ಲಿನ ಸದ್ದಿನಿಂದ ಒಂದು ಮನೆಯನ್ನು ಗುರುತಿಸುತ್ತಿದ್ದ ಕಾಲವೊಂದಿತ್ತು. ಮಗ್ಗದ ಸಪ್ಪಳದಿಂದ ಇನ್ನೊಂದನ್ನು. ಧಾರವಾಡದ ನಮ್ಮ ಮನೆಯನ್ನು ಓಣಿಯ ಜನ ಗುರುತಿಸುತ್ತಿದ್ದುದು ಬೆಳಗಿನ ಹಾಡಿನಿಂದ. ತಾಯಿಯವರು ಅಂಗಳಕ್ಕೆ ಚಳೆ ಹೊಡೆದು, ಸ್ನಾನ ಮುಗಿಸಿ, ಲಿಂಗಪೂಜೆಗೆ ಕೂಡುವ ವೇಳೆಗೆ ಸರಿಯಾಗಿ ತಂದೆಯವರು ಹಾರ್ಮೋನಿಯಂ ತೆಗೆಯುತ್ತಿದ್ದರು. ಅವರು ಪ್ರಾಥಮಿಕ ಶಾಲೆಯ ಶಿಕ್ಷಕರು, ದೊಡ್ಡ ಗಾಯಕರೇನೂ ಅಲ್ಲ. ಆದರೂ ಮಲ್ಲಿಕಾರ್ಜುನ ಮನಸೂರರನ್ನೂ ಬಸವರಾಜ ರಾಜಗುರುಗಳನ್ನೂ ಎದುರು ಕುಳಿತು ಕೇಳಿದ ಊರಿನವರು. ಅವರ ಕಂಠದಲ್ಲಿ ವಚನಗಳು ದಿನವೂ ಹೊಸದಾಗಿ ಹುಟ್ಟುತ್ತಿದ್ದವು.

1986ರಲ್ಲಿ ತಂದೆಯವರು ಕೂಡಿಟ್ಟ ಹಣದಿಂದ ಒಂದು ಟೇಪ್‌ರಿಕಾರ್ಡರನ್ನು ಕೊಂಡು ತಂದರು. ಅಂದಿನಿಂದ ಧ್ವನಿಸುರುಳಿಗಳು ಒಂದೊಂದಾಗಿ ಮನೆ ಸೇರತೊಡಗಿದವು. 1994ರಲ್ಲಿ ತಂದೆಯವರು ಲಿಂಗೈಕ್ಯರಾದರು. ಹಾರ್ಮೋನಿಯಂ ಗವಸಣಿಗೆಯೊಳಗೆ ಸೇರಿತು. ಬೆಳಗಿನ ಐದು ಗಂಟೆಗೆ ತಾಯಿಯವರು ಟೇಪ್‌ರಿಕಾರ್ಡರಿನ ಗುಂಡಿಯನ್ನು ಒತ್ತುವ ರೂಢಿ ಮಾತ್ರ ಉಳಿಯಿತು.

ಈ ಲೇಖನದಲ್ಲಿ ನಾವು ಹೇಳಹೊರಟಿರುವುದು ಆ ಗುಂಡಿಯ ಜಾಗಕ್ಕೆ ಬಂದ ಒಂದು ಪುಟ್ಟ ಯಂತ್ರದ ಕಥೆ. ಅದನ್ನು ಪ್ರೀತಿಯಿಂದ ಕೊಟ್ಟವರು ನಾವೇ. ಅದರಿಂದ ತಾಯಿಯವರು ಹಲವು ತಿಂಗಳ ಕಾಲ ಒಳಗೊಳಗೇ ನೊಂದರು. ಇಂಥ ಅನುಭವ ಬೇರೆ ಮನೆಗಳಿಗೆ ಬಾರದಿರಲಿ ಎಂಬುದಕ್ಕಾಗಿ ಇದನ್ನು ಬರೆಯುತ್ತಿದ್ದೇವೆ.

ಸುರುಳಿಯಿಂದ ಕಿಸೆಯವರೆಗೆ

ಹಾಡನ್ನು ಕಿಸೆಯಲ್ಲಿಟ್ಟುಕೊಂಡು ತಿರುಗುವುದು ಬಹಳ ಹಳೆಯ ಸಂಗತಿಯಲ್ಲ. ಹಾಲೆಂಡಿನ ಫಿಲಿಪ್ಸ್ ಸಂಸ್ಥೆಯು ಅಂಗೈಯಗಲದ ಕ್ಯಾಸೆಟ್ಟನ್ನು ಜಗತ್ತಿನ ಮುಂದಿಟ್ಟದ್ದು 1963ರಲ್ಲಿ. ಜಪಾನಿನ ಸೋನಿ ಸಂಸ್ಥೆಯು 1979ರ ಜುಲೈ 1ರಂದು ವಾಕ್‌ಮನ್ ಎಂಬ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅಲ್ಲಿಯವರೆಗೆ ಮನೆಮಂದಿಯೆಲ್ಲ ಒಟ್ಟಿಗೆ ಕುಳಿತು ಕೇಳುತ್ತಿದ್ದ ಸಂಗೀತ, ಅಂದಿನಿಂದ ಒಬ್ಬೊಬ್ಬರ ಕಿವಿಯೊಳಗಿನ ಸಂಗೀತವಾಯಿತು.

ಮುಂದಿನ ಬದಲಾವಣೆ ಜರ್ಮನಿಯಿಂದ ಬಂದಿತು. ಅಲ್ಲಿನ ಫ್ರೌನ್‌ಹೋಫರ್ ಸಂಶೋಧನಾ ಸಂಸ್ಥೆಯ ತಜ್ಞರು ಮುಖ್ಯ ಪಾತ್ರ ವಹಿಸಿ ರೂಪಿಸಿದ ಎಂಪಿ3 ವಿಧಾನದಿಂದ, ಕಿವಿಗೆ ಅಷ್ಟಾಗಿ ತಿಳಿಯದ ಅಂಶಗಳನ್ನು ಬಿಟ್ಟು ಉಳಿದುದನ್ನು ಸಣ್ಣ ಜಾಗದಲ್ಲಿ ತುಂಬಿಡುವುದು ಸಾಧ್ಯವಾಯಿತು. ಸಾಮಾನ್ಯ ದರ್ಜೆಯ ಎಂಪಿ3 ಹಾಡಿನ ಒಂದು ನಿಮಿಷಕ್ಕೆ ಸುಮಾರು 1 ಎಂಬಿ ಜಾಗ ಸಾಕು. ಎಂದರೆ 1 ಜಿಬಿಯಷ್ಟು ಜಾಗವುಳ್ಳ ಯಂತ್ರದಲ್ಲಿ ಹದಿನೇಳು ಗಂಟೆಗಳ ಸಂಗೀತ ಹಿಡಿಸುತ್ತದೆ. 1998ರಲ್ಲಿ ಈ ಬಗೆಯ ಕಿಸೆಯಂತ್ರಗಳು ಮೊದಲ ಬಾರಿಗೆ ಮಾರಾಟಕ್ಕೆ ಬಂದವು. 2001ರ ಅಕ್ಟೋಬರಿನಲ್ಲಿ ಆಪಲ್ ಸಂಸ್ಥೆಯು ಐಪಾಡನ್ನು ಹೊರತಂದು, ಸಾವಿರ ಹಾಡುಗಳನ್ನು ಕಿಸೆಯಲ್ಲಿಡಬಹುದೆಂದು ಸಾರಿತು.

ಅದೇ ಕಾಲದಲ್ಲಿ ಅಮೆರಿಕೆಯಲ್ಲಿ ಇನ್ನೊಂದು ಪದ್ಧತಿಯೂ ತಲೆಯೆತ್ತಿತು. ಹಾಡುಗಳನ್ನು ಒಂದೊಂದಾಗಿ ಕೊಳ್ಳುವ ಬದಲು, ತಿಂಗಳಿಗಿಷ್ಟೆಂದು ಚಂದಾ ಕಟ್ಟಿದರೆ ಲಕ್ಷಾಂತರ ಹಾಡುಗಳ ಭಂಡಾರವೇ ತೆರೆಯುತ್ತದೆ. ಬೇಕಾದುದನ್ನು ಕಿಸೆಯಂತ್ರಕ್ಕೂ ತುಂಬಿಕೊಳ್ಳಬಹುದು. 2005ರ ಹೊತ್ತಿಗೆ ಇದರ ದರ ತಿಂಗಳಿಗೆ ಸುಮಾರು 15 ಡಾಲರು. ಒಂದು ಸಿ.ಡಿ.ಯ ಬೆಲೆಗೆ ಇಡೀ ಅಂಗಡಿ ದೊರೆತಂತೆ ಎನ್ನಿಸಿದ್ದರಲ್ಲಿ ಆಶ್ಚರ್ಯವೇನಿದೆ?

ಮೊಮ್ಮಗನ ಕಾಣಿಕೆ

ಉದ್ಯೋಗದ ನಿಮಿತ್ತ ನಾವು 2004ರಲ್ಲಿ ಅಮೆರಿಕೆಯ ನ್ಯೂಜೆರ್ಸಿಗೆ ಹೋಗಿ ನೆಲೆಸಿದ್ದೆವು. 2006ರ ಬೇಸಿಗೆಯಲ್ಲಿ ತಾಯಿಯವರನ್ನು ಆರು ತಿಂಗಳ ಮಟ್ಟಿಗೆ ಕರೆಸಿಕೊಂಡೆವು. ನಾವಿಬ್ಬರೂ ಕೆಲಸಕ್ಕೆ, ಮಕ್ಕಳಿಬ್ಬರೂ ಶಾಲೆಗೆ ಹೋದ ಮೇಲೆ ಮನೆಯಲ್ಲಿ ಅವರೊಬ್ಬರೇ. ಕಿಟಕಿಯ ಹೊರಗೆ ಒಂದು ಮನುಷ್ಯಮಾತ್ರದ ಧ್ವನಿಯೂ ಇಲ್ಲ. ಮೂರನೆಯ ವಾರದಲ್ಲಿ ಅವರು, “ಇಲ್ಲಿ ಕಾಗಿ ಸುದ್ದಾ ಒದರೂದಿಲ್ಲಲ್ಲಪಾ” ಎಂದಾಗ ನಮಗೆ ಉತ್ತರ ತೋಚಲಿಲ್ಲ.

ಉತ್ತರ ಹುಡುಕಿದವನು ಹದಿನೇಳು ವಯಸ್ಸಿನ ಮಗ. ಅವನ ಬಳಿ ಅಂಥದೊಂದು ಕಿಸೆಯಂತ್ರವಿತ್ತು. ಅದರ ಚಂದಾವನ್ನು ನಾವೇ ಕಟ್ಟುತ್ತಿದ್ದೆವು. ಒಂದು ಶನಿವಾರವೆಲ್ಲ ಗಣಕಯಂತ್ರದ ಮುಂದೆ ಕುಳಿತು, ಆ ಭಂಡಾರದಲ್ಲಿ ದೊರೆತ ಹಿಂದುಸ್ತಾನೀ ಗಾಯನವನ್ನೆಲ್ಲ ಅಜ್ಜಿಗಾಗಿ ಹೆಕ್ಕಿ ತುಂಬಿದನು. ಗದುಗಿನಲ್ಲಿ ಹುಟ್ಟಿದ ಭೀಮಸೇನ ಜೋಶಿಯವರ ಕಂಠವನ್ನು ನ್ಯೂಜೆರ್ಸಿಯ ಅಡುಗೆಮನೆಯಲ್ಲಿ ಕೇಳಿದಾಗ ತಾಯಿಯವರ ಮುಖ ಅರಳಿದ್ದನ್ನು ನಾವು ಮರೆಯಲಾರೆವು. ರೊಟ್ಟಿ ಬಡಿಯುವ ಕೈಗೆ ತಾಳ ಸಿಕ್ಕಿತು.

“ಇದರಾಗ ವಚನ ಇಲ್ಲೇನೋ ತಮ್ಮಾ?” ಎಂದು ಅವರು ಕೇಳಿದ್ದುಂಟು. ಮಗ ಎಷ್ಟು ಹುಡುಕಿದರೂ ಆ ಭಂಡಾರದಲ್ಲಿ ಅಂದು ಕನ್ನಡದ ವಚನಗಾಯನ ಅವನ ಕೈಗೆ ಸಿಗಲಿಲ್ಲ. “ಇರ್ಲಿ ಬಿಡು, ಇಷ್ಟರ ಐತೆಲ್ಲ” ಎಂದು ತಾಯಿಯವರು ಸಮಾಧಾನಪಟ್ಟುಕೊಂಡರು.

ನವೆಂಬರ್ ಕೊನೆಯಲ್ಲಿ ಅವರು ಊರಿಗೆ ಹೊರಟಾಗ ಮಗ ಆ ಯಂತ್ರವನ್ನು ಅಜ್ಜಿಯ ಕೈಯಲ್ಲಿಟ್ಟನು. ಗೋಡೆಯ ಪ್ಲಗ್ಗಿಗೆ ಸಿಕ್ಕಿಸಿ ವಿದ್ಯುತ್ ತುಂಬುವ ಬಗೆಯನ್ನು ಎರಡೆರಡು ಸಲ ಕಲಿಸಿದನು. ಗುಂಡಿಗಳಿಗೆ ಕೆಂಪು, ಹಸಿರು ಬಣ್ಣದ ಚುಕ್ಕೆಗಳನ್ನು ಅಂಟಿಸಿಕೊಟ್ಟನು. ತಾಯಿಯವರು ಅದನ್ನು ಸೆರಗಿನ ತುದಿಯಲ್ಲಿ ಗಂಟುಹಾಕಿಕೊಂಡು ವಿಮಾನವೇರಿದರು. ಮಗ ಮುಂದೆ ಗಣಕಯಂತ್ರದಲ್ಲಿಯೇ ಹಾಡು ಕೇಳತೊಡಗಿದನು. ಚಂದಾ ಎಂದಿನಂತೆ ಸಲ್ಲುತ್ತಿತ್ತು.

“ಹೂನಪಾ, ಕೇಳ್ತೀನಿ”

ಪ್ರತಿ ರವಿವಾರ ಧಾರವಾಡಕ್ಕೆ ದೂರವಾಣಿ ಕರೆ ಮಾಡುವುದು ನಮ್ಮ ನೇಮ. “ಹಾಡು ಕೇಳ್ತೀಯೇನವ್ವಾ?” ಎಂದು ನಾವು ತಪ್ಪದೆ ಕೇಳುತ್ತಿದ್ದೆವು. “ಹೂನಪಾ, ಕೇಳ್ತೀನಿ” ಎಂಬ ಉತ್ತರ ತಪ್ಪದೆ ಬರುತ್ತಿತ್ತು. ಮೊಮ್ಮಗನಿಗೆ ಪರಮ ಸಂತೋಷ.

2007ರ ಜೂನಿನಲ್ಲಿ ನಾವು ರಜೆಗೆಂದು ಊರಿಗೆ ಹೋದೆವು. ಮಗನು ಹೊದಿಕೆಗಾಗಿ ಅಜ್ಜಿಯ ಹಳೆಯ ಟ್ರಂಕನ್ನು ತೆರೆದಾಗ, ಇಳಕಲ್ ಸೀರೆಗಳ ನಡುವೆ, ಬಿಳಿಯ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಆ ಯಂತ್ರ ಕೈಗೆ ಬಂತು. ಚಾರ್ಜರಿನ ತಂತಿಯನ್ನು ಕೂಡ ಒಪ್ಪವಾಗಿ ಮಡಿಚಿಡಲಾಗಿತ್ತು. ಅವನು ಅದನ್ನು ಹೊರತಂದುದನ್ನು ಕಂಡು ತಾಯಿಯವರು ತಲೆ ತಗ್ಗಿಸಿದರು.

“ನಾ ಏನೂ ಮಾಡಿಲ್ಲೋ ತಮ್ಮಾ. ಹಿಂದಿನ ದಿನ ಚೊಲೋ ಹಾಡ್ತಿತ್ತು. ಮುಂಜಾನೆ ಒತ್ತಿದರ ಬಾಯಿ ಬಿಡಲಿಲ್ಲ. ಅಷ್ಟು ರೊಕ್ಕ ಕೊಟ್ಟು ತಗೊಂಡದ್ದು, ನಾನs ಕೆಡಿಸೀನಿ ಅಂತ ಹೇಳಾಕ ಬಾಯಿ ಬರಲಿಲ್ಲ.”

ಯಂತ್ರವು ಅವರು ಊರು ಸೇರಿದ ಸುಮಾರು ಒಂದು ತಿಂಗಳಿಗೇ ಮೂಕವಾಗಿತ್ತು. ಜೀವಮಾನದಲ್ಲಿ ಸುಳ್ಳಾಡದ ನಮ್ಮ ತಾಯಿ, ಮೊಮ್ಮಗ ನೊಂದುಕೊಂಡಾನೆಂದು, ಅಂದಿನಿಂದ ಪ್ರತಿ ರವಿವಾರವೂ ಸುಳ್ಳು ಹೇಳಿದ್ದರು. ಈ ನಡುವೆ ಹಳೆಯ ಟೇಪ್‌ರಿಕಾರ್ಡರು ಕೂಡ ಕೆಟ್ಟು ನಿಂತಿತ್ತು. “ಹೊಸಾದು ಐತಲ್ಲ” ಎಂದು ನಾವು ಅದನ್ನು ದುರಸ್ತಿ ಮಾಡಿಸಿರಲಿಲ್ಲ. ಆ ಮನೆಯ ಬೆಳಗು ಅಷ್ಟು ತಿಂಗಳು ಹಾಡಿಲ್ಲದೆ ಕಳೆದಿತ್ತು.

ಕೆಡದೆಯೇ ಬಿದ್ದ ಬೀಗ

ಯಂತ್ರ ಕೆಟ್ಟಿರಲಿಲ್ಲ. ಹಾಡುಗಳೂ ಅಳಿಸಿಹೋಗಿರಲಿಲ್ಲ. ಒಂದೊಂದು ಹಾಡಿಗೂ ಕಣ್ಣಿಗೆ ಕಾಣದ ಬೀಗವೊಂದಿತ್ತು. ಚಂದಾದಾರರಿಗೆ ಕೊಡುವ ಹಾಡಿನ ಜೊತೆಗೆ ಒಂದು ಪರವಾನಿಗೆಯೂ ಬರುತ್ತದೆ, ಅದಕ್ಕೆ ಅವಧಿಯಿರುತ್ತದೆ. ಯಂತ್ರದೊಳಗಿನ ಗಡಿಯಾರ ಆ ಅವಧಿಯನ್ನು ಎಣಿಸುತ್ತಿರುತ್ತದೆ. ತಿಂಗಳಿಗೊಮ್ಮೆಯಾದರೂ ಯಂತ್ರವನ್ನು ಅಂತರಜಾಲವಿರುವ ಗಣಕಯಂತ್ರಕ್ಕೆ ಜೋಡಿಸಿದರೆ, ಚಂದಾ ಸಂದಿದೆಯೆಂದು ಖಚಿತಪಡಿಸಿಕೊಂಡು ಪರವಾನಿಗೆಯನ್ನು ನವೀಕರಿಸಲಾಗುತ್ತದೆ. ಜೋಡಿಸದಿದ್ದರೆ ಬೀಗ ಬೀಳುತ್ತದೆ. ಗೋಡೆಯ ಪ್ಲಗ್ಗಿನಿಂದ ವಿದ್ಯುತ್ತು ಬಂದೀತೇ ಹೊರತು ಪರವಾನಿಗೆ ಬರಲಾರದು. ನ್ಯೂಜೆರ್ಸಿಯಲ್ಲಿ ಮಗನು ಹಾಡು ಬದಲಿಸಲೆಂದು ವಾರಕ್ಕೊಮ್ಮೆ ಅದನ್ನು ಜೋಡಿಸುತ್ತಲೇ ಇದ್ದುದರಿಂದ ಈ ಕಟ್ಟಳೆ ನಮ್ಮ ಗಮನಕ್ಕೇ ಬಂದಿರಲಿಲ್ಲ.

ಮಗನು ಯಂತ್ರವನ್ನು ಪೇಟೆಯ ಅಂತರಜಾಲ ಕೇಂದ್ರವೊಂದಕ್ಕೆ ಒಯ್ದು ಪ್ರಯತ್ನಿಸಿದನು. ಆ ಸೇವೆ ಅಮೆರಿಕೆಯ ಹೊರಗೆ ದೊರೆಯದೆಂಬ ಸೂಚನೆ ಕಾಣಿಸಿತು. ಡಿಸೆಂಬರಿನಿಂದ ಜೂನಿನವರೆಗೆ ಏಳು ತಿಂಗಳು, ತಿಂಗಳಿಗೆ 15 ಡಾಲರಿನಂತೆ 105 ಡಾಲರು ನಮ್ಮಿಂದ ಸಂದಿತ್ತು. ಅಜ್ಜಿಯ ಪಾಲಿಗೆ ಬಂದುದು ಮೌನ.

ಇಲ್ಲಿ ಯಾರನ್ನೂ ದೂಷಿಸುವ ಉದ್ದೇಶ ನಮಗಿಲ್ಲ. ನಿಯಮಗಳನ್ನು ಆ ಸಂಸ್ಥೆ ಮುಚ್ಚಿಟ್ಟಿರಲಿಲ್ಲ. ಸಣ್ಣ ಅಕ್ಷರಗಳಲ್ಲಿ ಬರೆದೇ ಇತ್ತು. ಓದದೆ ‘ಒಪ್ಪಿಗೆ’ ಎಂದು ಒತ್ತಿದವರು ನಾವು. ಮಗ ಇದನ್ನೆಲ್ಲ ಅಜ್ಜಿಗೆ ಬಿಡಿಸಿ ಹೇಳಿದಾಗ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೀಗೆಂದರು:

“ಹಂಗಾರ ಇದು ಮದುವಿಗೆ ತಂದ ಬಾಡಿಗಿ ಭಾಂಡೆ ಇದ್ದಂಗ ಅನ್ನು. ಮದುವಿ ಮುಗದ ಮ್ಯಾಲೆ ಅವರು ಒಯ್ಯಾವರs. ಮದಲs ಹೇಳಿದ್ರ ನಾ ಯಾಕ ಅಳತಿದ್ದೆ?”

ಅಷ್ಟು ತಿಂಗಳು ಅವರು ಅತ್ತಿದ್ದರೆಂಬುದು ನಮಗೆ ಗೊತ್ತಾದದ್ದು ಆಗಲೇ.

ಎರಡು ಬಗೆಯ ಚಂದಾ

‘ಚಂದಾ’ ಎಂಬ ಶಬ್ದ ನಮ್ಮ ಮನೆಗಳಿಗೆ ಹೊಸದಲ್ಲ. ಇಂಥ ಮಾಸಪತ್ರಿಕೆಗಳಿಗೆ ವರ್ಷವರ್ಷವೂ ಚಂದಾ ಕಳುಹಿಸುತ್ತೇವೆ. ಒಂದು ವರ್ಷ ಮರೆತರೆ ಮುಂದಿನ ಸಂಚಿಕೆ ಬರುವುದಿಲ್ಲ, ಅಷ್ಟೆ. ಅಟ್ಟದ ಮೇಲೆ ಕಟ್ಟಿಟ್ಟ ಹಳೆಯ ಸಂಚಿಕೆಗಳನ್ನು ಯಾರೂ ಬಂದು ಒಯ್ಯುವುದಿಲ್ಲ. ಅವುಗಳ ಅಕ್ಷರಗಳು ಮಾಯವಾಗುವುದಿಲ್ಲ. ಹಾಡಿನ ಚಂದಾ ಇದಕ್ಕೆ ತೀರ ಭಿನ್ನವಾದುದು. ಹತ್ತು ವರ್ಷ ಹಣ ಕಟ್ಟಿ ಹನ್ನೊಂದನೆಯ ವರ್ಷ ನಿಲ್ಲಿಸಿದರೆ, ಹತ್ತು ವರ್ಷ ಆರಿಸಿ ಜೋಡಿಸಿದ ಭಂಡಾರವೆಲ್ಲ ಒಂದೇ ದಿನ ಮುಚ್ಚುತ್ತದೆ. ಅದೇ ವರ್ಷ ನಾವು ಆ ಚಂದಾ ನಿಲ್ಲಿಸಿದಾಗ ಮಗನು ಎರಡು ವರ್ಷ ಹೆಕ್ಕಿದ್ದ ನಾನೂರು ಹಾಡುಗಳು ಹೀಗೆಯೇ ಕೈಬಿಟ್ಟವು.

ಚಂದಾದಾರ ನಿಲ್ಲಿಸದಿದ್ದರೂ ಅಂಗಡಿಯೇ ಬಾಗಿಲು ಮುಚ್ಚುವುದುಂಟು. ಮೈಕ್ರೋಸಾಫ್ಟ್ ಸಂಸ್ಥೆಯು 2006ರಲ್ಲಿ ಜೂನ್ ಎಂಬ ಕಿಸೆಯಂತ್ರವನ್ನೂ ಅದರೊಂದಿಗೆ ಮಾಸಿಕ ಚಂದಾ ಸೇವೆಯನ್ನೂ ಆರಂಭಿಸಿತ್ತು. ಯಂತ್ರದ ತಯಾರಿಕೆ 2011ರಲ್ಲಿ ನಿಂತಿತು. ಸೇವೆ 2015ರ ನವೆಂಬರಿನಲ್ಲಿ ಕೊನೆಗೊಂಡಿತು. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿತು. ಐಪಾಡಿನ ತಯಾರಿಕೆಯನ್ನೇ 2022ರಲ್ಲಿ ಕೈಬಿಡಲಾಯಿತು. ಬಲ್ಲಿದರ ಅಂಗಡಿಗಳಿಗೇ ಈ ಗತಿಯಾದರೆ ಉಳಿದವರ ಮಾತೇನು?

ಒಂದು ಕ್ಯಾಸೆಟ್ಟಿನ ಪುನರ್ಜನ್ಮ

ಅದೇ ರಜೆಯಲ್ಲಿ, ಅದೇ ಟ್ರಂಕಿನ ತಳದಲ್ಲಿ, ಇನ್ನೊಂದು ವಸ್ತು ದೊರೆಯಿತು. ತಂದೆಯವರ ಕೈಬರಹದಲ್ಲಿ ‘ಶ್ರಾವಣ, 1991’ ಎಂದು ಬರೆದಿದ್ದ ಒಂದು ಸಿ-60 ಕ್ಯಾಸೆಟ್ಟು. ಮನೆಯಲ್ಲಿಯೇ ಮುದ್ರಿಸಿದುದು. ಸುರುಳಿಗೆ ಬಿಳಿಯ ಬೂಷ್ಟು ಹಿಡಿದಿತ್ತು. ಒಳಗೆ ಸುರುಳಿಯನ್ನು ಒತ್ತಿಹಿಡಿಯುವ ಪುಟ್ಟ ಮೆತ್ತೆ ಕಳಚಿಬಿದ್ದಿತ್ತು.

ಟೇಪ್‌ರಿಕಾರ್ಡರನ್ನು ಹುಬ್ಬಳ್ಳಿಯಲ್ಲಿ ದುರಸ್ತಿ ಮಾಡಿಸಿದೆವು. ಕ್ಯಾಸೆಟ್ಟಿನ ಐದು ಸಣ್ಣ ತಿರುಪುಗಳನ್ನು ಬಿಚ್ಚಿ, ಸುರುಳಿಯನ್ನು ಮೆಲ್ಲಗೆ ಒರೆಸಿ, ಬೇರೊಂದು ಒಳ್ಳೆಯ ಡಬ್ಬಿಗೆ ಸೇರಿಸಿದೆವು. ಪೆನ್ಸಿಲಿನಿಂದ ತಿರುಗಿಸಿ, ಅಂಟಿಕೊಂಡಿದ್ದ ಸುತ್ತುಗಳನ್ನು ಬಿಡಿಸಿದೆವು. ಟೇಪ್‌ರಿಕಾರ್ಡರಿನಿಂದ ಗಣಕಯಂತ್ರಕ್ಕೆ ಒಂದು ತಂತಿ ಜೋಡಿಸಿದರೆ ಸಾಕು, ಧ್ವನಿ ಅತ್ತ ಹರಿಯುತ್ತದೆ. ಈ ಕೆಲಸದಲ್ಲಿ ಅವಸರ ಸಲ್ಲದು. ಸುರುಳಿ ಸೆಕೆಂಡಿಗೆ ಐದು ಸೆಂಟಿಮೀಟರಿಗೂ ಕಡಿಮೆ ವೇಗದಲ್ಲಿ ಸರಿಯುತ್ತದೆ. ಒಂದು ಗಂಟೆಯ ಕ್ಯಾಸೆಟ್ಟಿಗೆ ಒಂದು ಗಂಟೆ ಕುಳಿತೇ ಇರಬೇಕು.

ಕುಳಿತೆವು. ಮೊದಲು ಬರೀ ಸುಯ್ಯೆಂಬ ಸದ್ದು. ಆಮೇಲೆ ಹಾರ್ಮೋನಿಯಂ. ಆಮೇಲೆ ಹದಿಮೂರು ವರ್ಷಗಳಿಂದ ಆ ಮನೆಯಲ್ಲಿ ಕೇಳಿಸದಿದ್ದ ಕಂಠ. ಹಾಡಿನ ನಡುವೆ ಹಾಲಿನವನು ಕೂಗಿದ್ದು ಕೇಳಿಸಿತು. “ಹಾಲು ತಗೊಂಡ ಬರ್ತೀನಿ, ನೀವು ಹಾಡ್ರಿ” ಎಂದ ತಾಯಿಯವರ ಎಳೆಯ ಧ್ವನಿ ಕೇಳಿಸಿತು. ಎರಡು ವರ್ಷದ ಕೂಸೊಂದು ಅಳುತ್ತಿತ್ತು; ತಂದೆಯವರು ಹಾಡು ನಿಲ್ಲಿಸಿ ಅದನ್ನು ರಮಿಸಿ ಮತ್ತೆ ಎತ್ತಿಕೊಂಡರು. ಆ ಕೂಸು ನಮ್ಮ ಮಗ. ನೆನಪಿಗೆ ನಿಲುಕದ ಅಜ್ಜನ ದನಿಯನ್ನೂ ತನ್ನದೇ ಅಳುವನ್ನೂ ಅವನು ಅಂದು ಒಟ್ಟಿಗೆ ಕೇಳಿದನು. ತಾಯಿಯವರು ಕಣ್ಣುಮುಚ್ಚಿ ಕುಳಿತಿದ್ದರು. ಮುಗಿದ ಮೇಲೆ ಅವರು ಕೇಳಿದ ಪ್ರಶ್ನೆ ಒಂದೇ: “ಇದಕ್ಕ ಬೀಗ ಇಲ್ಲಲ್ಲ?”

ಇಲ್ಲವೆಂದೆವು. ಬೀಗವಿಲ್ಲದ ಒಂದು ಸಾದಾ ಯಂತ್ರವನ್ನು ಧಾರವಾಡದಲ್ಲಿಯೇ ಕೊಂಡು, ಆ ಒಂದು ಗಂಟೆಯನ್ನೂ, ಉಳಿದ ಕ್ಯಾಸೆಟ್ಟುಗಳಲ್ಲಿದ್ದ ಮನಸೂರರ, ರಾಜಗುರುಗಳ ವಚನಗಾಯನವನ್ನೂ ತುಂಬಿಕೊಟ್ಟೆವು. ಅವರು ಹೋದ ವರ್ಷ ಕೇಳಿದ್ದ “ವಚನ ಇಲ್ಲೇನೋ?” ಎಂಬ ಪ್ರಶ್ನೆಗೆ ಉತ್ತರ ಅವರ ಟ್ರಂಕಿನಲ್ಲಿಯೇ ಇತ್ತು.

ಇಂದಿನ ಮಾತು

ನಾವು ಊರಿಗೆ ಮರಳಿ ವರ್ಷಗಳಾದವು. ಈಗ ಕಿಸೆಯಂತ್ರದ ಕೆಲಸವನ್ನು ಮೊಬೈಲ್ ಫೋನೇ ಮಾಡುತ್ತದೆ. ನಮ್ಮ ದೇಶದಲ್ಲಿಯೂ ಚಂದಾ ಸೇವೆಗಳು ಬೇರೂರಿವೆ; ಸ್ವೀಡನ್ನಿನ ಸ್ಪಾಟಿಫೈ 2019ರ ಫೆಬ್ರವರಿಯಲ್ಲಿ ಭಾರತಕ್ಕೆ ಬಂದಿತು. ಬೆಂಗಳೂರಿನಲ್ಲಿರುವ ನಮ್ಮ ಮಗಳು ಇಂಥದೊಂದು ಸೇವೆಯ ಚಂದಾದಾರಳು. ಅದರಿಂದ ಲಾಭವಿಲ್ಲವೆಂದು ನಾವು ಹೇಳೆವು. ನಾವೆಂದೂ ಕೇಳದಿದ್ದ ಎಷ್ಟೋ ಗಾಯಕರನ್ನು ಅವಳು ನಮಗೆ ಕೇಳಿಸಿದ್ದಾಳೆ; ವಚನಗಾಯನವೂ ಈಗ ಧಾರಾಳವಾಗಿ ದೊರೆಯುತ್ತದೆ. ಆದರೆ ಹಳೆಯ ಕಟ್ಟಳೆ ಹೊಸ ಉಡುಪಿನಲ್ಲಿ ಉಳಿದುಕೊಂಡಿದೆ. ಸ್ಪಾಟಿಫೈಯಲ್ಲಿ ಇಳಿಸಿಟ್ಟುಕೊಂಡ ಹಾಡುಗಳು ಉಳಿಯಬೇಕಾದರೆ 30 ದಿನಗಳಿಗೊಮ್ಮೆಯಾದರೂ ಅಂತರಜಾಲದ ಸಂಪರ್ಕ ಬೇಕು. ಹಳ್ಳಿಯ ಮನೆಯಲ್ಲಿರುವ ಹಿರಿಯರಿಗೆ ಇಂಥ ಯಂತ್ರ ಕೊಡುವ ಮಕ್ಕಳು ಇದನ್ನು ಮರೆಯಬಾರದು. ಅವರಿಗೆ ಹಾಡುಗಳನ್ನು ಒಳಗೇ ತುಂಬಿಟ್ಟ ಯಂತ್ರವೇ ಲೇಸು. 2017ರಲ್ಲಿ ಸಾರೇಗಾಮಾ ಸಂಸ್ಥೆಯು 5,000 ಹಿಂದಿ ಹಾಡುಗಳನ್ನು ತುಂಬಿ ತಂದ ಕಾರವಾನ್ ಎಂಬ ಪೆಟ್ಟಿಗೆ ಹಿರಿಯರಿಗೆ ಮೆಚ್ಚಾದುದಕ್ಕೆ ಈ ನಿರಾಳತೆಯೇ ಒಂದು ಕಾರಣ.

ಕಿವಿಯ ಆರೋಗ್ಯದ ಬಗೆಗೂ ಎರಡು ಮಾತು. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ನೀಡಿದ ಮಾರ್ಗಸೂಚಿಯಂತೆ, ದೊಡ್ಡವರು 80 ಡೆಸಿಬಲ್ ಸದ್ದನ್ನು ವಾರಕ್ಕೆ 40 ಗಂಟೆಗಳವರೆಗೆ ಕೇಳಬಹುದು. ಮಕ್ಕಳಿಗೆ 75 ಡೆಸಿಬಲ್ ಮಿತಿ. ಸದ್ದು ಏರಿದಂತೆ ಕೇಳುವ ಹೊತ್ತು ಇಳಿಯಬೇಕು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡವರಿಗೆ ಒಳಗಿನಿಂದ ತಾಯಿ ಕರೆದದ್ದು ಕೇಳದಿದ್ದರೆ ಸದ್ದು ಹೆಚ್ಚಾಯಿತೆಂದೇ ತಿಳಿಯಬೇಕು.

ನಮ್ಮ ಮನೆಯಲ್ಲಿ ಈಗ ಪಾಲಿಸುವ ಪದ್ಧತಿ ಇದು. ಹೊಸದನ್ನು ಕೇಳಲು, ಆರಿಸಲು ಚಂದಾ ಇರಲಿ. ಜೀವಕ್ಕೆ ಹತ್ತಿರವಾದುದನ್ನು ಕೊಂಡು ಇಟ್ಟುಕೊಳ್ಳುತ್ತೇವೆ. ಕಲಾವಿದರ ಶ್ರಮಕ್ಕೂ ಅದರಿಂದ ಬೆಲೆ ಸಲ್ಲುತ್ತದೆ. ಮನೆಯವರ ಸ್ವಂತ ದನಿಗಳನ್ನು ಒಂದೇ ಕಡೆ ಇಡದೆ ಮೂರು ಕಡೆ ಇಟ್ಟಿದ್ದೇವೆ: ಒಂದು ತಾಯಿಯವರ ಬಳಿ, ಒಂದು ಮಗಳ ಬಳಿ, ಒಂದು ದೂರದೇಶದ ಮಗನ ಬಳಿ. ಹಿರಿಯರ ಕೈಗೆ ಯಾವ ಯಂತ್ರವನ್ನೇ ಕೊಡಲಿ, ಅದು ಯಾವಾಗ, ಏಕೆ ನಿಲ್ಲಬಹುದೆಂಬುದನ್ನು ಮೊದಲೇ ತಿಳಿಸುತ್ತೇವೆ. “ನಿಂತರ ನಿನ್ನ ತಪ್ಪಲ್ಲವ್ವಾ” ಎಂಬ ಮಾತನ್ನು ಸೇರಿಸಿಯೇ ಕೊಡುತ್ತೇವೆ.

ತಾಯಿಯವರಿಗೆ ಈಗ ಎಂಬತ್ತು ದಾಟಿದೆ. ಕಣ್ಣು ಮಂಜಾಗಿದೆ, ಕೆಂಪು, ಹಸಿರು ಚುಕ್ಕೆಗಳು ಕಾಣುವುದಿಲ್ಲ. ಆದರೂ ಬೆಳಗಿನ ಐದು ಗಂಟೆಗೆ ಬೆರಳು ತಾನೇ ಗುಂಡಿಯನ್ನು ಹುಡುಕಿಕೊಳ್ಳುತ್ತದೆ. ಹಾರ್ಮೋನಿಯಂ ನುಡಿಯುತ್ತದೆ, ಹಾಲಿನವನು ಕೂಗುತ್ತಾನೆ, ಕೂಸು ಅಳುತ್ತದೆ, ಹಾಡು ಮುಂದುವರಿಯುತ್ತದೆ.

ಓದುಗ ಬಂಧುಗಳ ಮನೆಯ ಟ್ರಂಕಿನಲ್ಲಿಯೂ ಇಂಥ ಒಂದು ಸುರುಳಿ ಬೂಷ್ಟು ಹಿಡಿದು ಮಲಗಿರಬಹುದು. ಬರುವ ಶ್ರಾವಣಕ್ಕೆ ಮೊದಲು ಒಮ್ಮೆ ಟ್ರಂಕು ತೆರೆದು ನೋಡಿರೆಂದು ವಿನಂತಿಸುತ್ತೇವೆ.